ಬುಧವಾರ, ಶನಿವಾರದ ಕೆಂಪು ದೀಪ

ಆ ಮೂರು ಬಿಳಿ ಡಬ್ಬಿಗಳನ್ನು ಮನೆಗೆ ತಂದ ದಿನವೇ ಸುಪೀರಿಯರ್ ಸರೋವರಕ್ಕೆ ಎಸೆದಿದ್ದರೆ ನನ್ನ ಆಯಸ್ಸಿನಲ್ಲಿ ನಾಲ್ಕು ವರ್ಷ ಉಳಿಯುತ್ತಿತ್ತು. ಒಂದನ್ನು ಅಡುಗೆಮನೆಯಲ್ಲಿಟ್ಟೆವು, ಒಂದನ್ನು ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ, ಮೂರನೆಯದನ್ನು ನೆಲಮಾಳಿಗೆಯ ಆ ತುದಿಗಿರುವ ಮಗಳು ಕೈಸಾಳ ಕೋಣೆಯಲ್ಲಿ. ಒಂದರಿಂದ ಇನ್ನೊಂದಕ್ಕೆ ವೈಫೈ ದಾಟಿಸಿಕೊಂಡು ಮನೆಯ ಮೂಲೆಮೂಲೆಗೂ ತಲುಪಿಸುತ್ತವೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಇದಕ್ಕೆ ಮೆಷ್ ಎನ್ನುತ್ತಾರಂತೆ. ದೀಪ ಬಿಳಿಯಿದ್ದರೆ ಎಲ್ಲ ಸರಿ, ಕೆಂಪಾದರೆ ಸಂಪರ್ಕ ಕಡಿದಿದೆ ಎಂದರ್ಥ. ಕೈಸಾಳ ಕೋಣೆಯ ಡಬ್ಬಿ ಕೆಂಪಾಗುತ್ತಲೇ ಇತ್ತು.

ನಾನು ಡಾರ್ಲಾ. ಶಾಲೆಯ ಅಡುಗೆಮನೆಯಲ್ಲಿ ದಿನಾ ಇನ್ನೂರು ಮಕ್ಕಳಿಗೆ ಊಟ ಹಾಕುವವಳು. ಅಲ್ಲಿ ಯಾವ ಯಂತ್ರ ನಿಂತರೂ ನಾಲ್ಕು ಬೈದು ಒಂದು ಗುದ್ದು ಕೊಟ್ಟರೆ ಓಡುತ್ತದೆ. ಈ ಡಬ್ಬಿಗಳಿಗೆ ಬೈಗುಳವೂ ನಾಟುವುದಿಲ್ಲ, ಗುದ್ದೂ ನಾಟುವುದಿಲ್ಲ.

ಹಾಳಾಗಿ ಹೋಗಲಿ ಎಂದು ಬಿಟ್ಟುಬಿಡುವಂತೆಯೂ ಇರಲಿಲ್ಲ. ಕೈಸಾಳಿಗೆ ಒಂಬತ್ತನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ತೆಗೆದುಕೊಳ್ಳಲೇಬೇಕಾದ ಬಗೆಯದು. ಈಗ ಹದಿನೇಳು. ಅವಳ ತೋಳಿಗೆ ಅಂಟಿಸಿದ ಸೆನ್ಸರ್ ಐದು ನಿಮಿಷಕ್ಕೊಮ್ಮೆ ರಕ್ತದ ಸಕ್ಕರೆ ಎಷ್ಟಿದೆಯೆಂದು ಅವಳ ಫೋನಿಗೆ ಹೇಳುತ್ತದೆ, ಅವಳ ಫೋನು ನನ್ನ ಫೋನಿಗೆ ಹೇಳುತ್ತದೆ. ನಮ್ಮ ಮನೆ ಗುಡ್ಡದ ತಗ್ಗಿನಲ್ಲಿದೆ; ಮೊಬೈಲ್ ಸಿಗ್ನಲ್ ರಸ್ತೆಯ ತಿರುವಿನವರೆಗೆ ಬಂದು ವಾಪಸು ಹೋಗುತ್ತದೆ. ಹಾಗಾಗಿ ಮನೆಯೊಳಗೆ ಎಲ್ಲಕ್ಕೂ ವೈಫೈಯೇ ಗತಿ. ಸಕ್ಕರೆ ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯ; ತೀರಾ ಇಳಿದರೆ ಅವಳು ಬೆವರುತ್ತಾಳೆ, ಏನೇನೋ ಬಡಬಡಿಸುತ್ತಾಳೆ, ಆಮೇಲೆ ಮಾತೂ ಇಲ್ಲ. ಹತ್ತನೇ ವಯಸ್ಸಿನಲ್ಲಿ ಎರಡು ಸಲ ಆಂಬುಲೆನ್ಸ್ ಬಂದಿತ್ತು. ಅವತ್ತಿನಿಂದ ನನ್ನ ಜೀವ ಆ ಅಂಕಿಯಲ್ಲಿದೆ.

ಈ ಚಳಿಗಾಲದಲ್ಲಿ ಅವಳು ಎರಡು ಕೆಲಸ ಮಾಡಿದಳು. “ಅಮ್ಮ, ನೀನು ರಾತ್ರಿ ಮೂರು ಮೂರು ಸಲ ಬಾಗಿಲು ತೆಗೀತೀಯ, ನಂಗೆ ನಿದ್ದೇನೇ ಇಲ್ಲ” ಎಂದು ಹಾಸಿಗೆ ಹೊತ್ತುಕೊಂಡು ನೆಲಮಾಳಿಗೆಗೆ ಇಳಿದಳು. ಆಮೇಲೆ, ಬೇಸಿಗೆಯಲ್ಲಿ ಆರು ವಾರ ಕಾಡಿನಲ್ಲೇ ಇದ್ದು ಕಾಲುದಾರಿ ಸವರುವ, ಬಿದ್ದ ಮರ ಕೊಯ್ದು ತೆಗೆಯುವ ತಂಡಕ್ಕೆ ನನಗೆ ಹೇಳದೆ ಅರ್ಜಿ ಹಾಕಿ ಆಯ್ಕೆಯೂ ಆದಳು. ಅವಳ ಡಾಕ್ಟರು ಒಪ್ಪಿದ್ದರು. ತಂಡದ ಮುಖ್ಯಸ್ಥೆಗೆ ಇಂಥ ಮಕ್ಕಳನ್ನು ನೋಡಿಕೊಂಡು ಅಭ್ಯಾಸವಿತ್ತು. ಹದಿನೆಂಟು ತುಂಬದವರ ಒಪ್ಪಿಗೆ ಕಾಗದಕ್ಕೆ ಅಪ್ಪ ಅಮ್ಮ ಇಬ್ಬರ ಸಹಿಯೂ ಬೇಕು. ನನ್ನ ಗಂಡ ವೇನ್ ಕನ್ನಡಕ ಹುಡುಕುವ ಗೋಜಿಗೂ ಹೋಗದೆ ಗೀಚಿಬಿಟ್ಟ. ನಾನು ಪೆನ್ನು ಮುಟ್ಟಲಿಲ್ಲ.

“ಹದಿನೈದು ದಿನ,” ಎಂದೆ. “ಒಂದೇ ಸಮನೆ ಹದಿನೈದು ದಿನ ನಿನ್ನ ಅಂಕಿ ನನ್ನ ಫೋನಿಂದ ತಪ್ಪಬಾರ್ದು. ತಪ್ತು ಅಂದ್ರೆ ಮತ್ತೆ ಒಂದರಿಂದ ಶುರು. ಹದಿನೈದು ಆದ್ಮೇಲೆ ಸಹಿ.”

“ಅಷ್ಟೇನಾ? ಆಮೇಲೆ ಮಾತು ತಿರುಗಿಸಲ್ಲ ತಾನೆ?”

“ನಾನ್ಯಾವತ್ತೇ ತಿರುಗ್ಸಿದೀನಿ?”

“ಅಪ್ಪಾ, ನೀನೇ ಸಾಕ್ಷಿ.”

ವೇನ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತ “ಹೂಂ” ಎಂದ. ಅದು ಮಾರ್ಚ್ ಮೊದಲ ವಾರ. ಕಾಗದ ತಲುಪಿಸಬೇಕಾದದ್ದು ಏಪ್ರಿಲಿನ ಕೊನೆಯ ಸೋಮವಾರ. ಏಳು ವಾರ ಕೈಯಲ್ಲಿತ್ತು.

ಏಳು ವಾರದಲ್ಲಿ ಲೆಕ್ಕ ಮೂರನ್ನು ದಾಟಲಿಲ್ಲ. ಒಂದು, ಎರಡು, ಮೂರು, ಆಮೇಲೆ ನನ್ನ ಫೋನಿನಲ್ಲಿ ಅಂಕಿಯಿರಬೇಕಾದ ಜಾಗದಲ್ಲಿ ಎರಡು ಗೆರೆ. ಡಬ್ಬಿ ಆರಿಸಿ ಹಚ್ಚಿದೆ. ತೂತಿನೊಳಗೆ ಪಿನ್ನು ತೂರಿಸಿ ಗುಂಡಿ ಒತ್ತಿ ಎಲ್ಲವನ್ನೂ ಮೊದಲಿನಿಂದ ಶುರುಮಾಡಿದೆ. ಹೊಸ ಹೆಸರು, ಹೊಸ ಪಾಸ್‌ವರ್ಡ್ ಕೊಟ್ಟೆ. ಅದನ್ನು ಟಿವಿ, ಪ್ರಿಂಟರ್, ವೇನ್‌ನ ಜಿಂಕೆ ಮಾಂಸದ ಫ್ರೀಜರಿನ ಅಲಾರಂ, ಎಲ್ಲಕ್ಕೂ ಒಂದೊಂದಾಗಿ ಉಣಿಸುವುದರಲ್ಲಿ ಒಂದು ಭಾನುವಾರ ಪೂರ್ತಿ ಮುಗಿಯಿತು. ಕಪಾಟಿನ ಮೇಲಿಟ್ಟೆ, ಕೆಳಗಿಟ್ಟೆ, ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಮೈಕ್ರೋವೇವ್ ಅಡ್ಡಬರುತ್ತದೆಂದು ಶಾಲೆಯಲ್ಲಿ ಯಾರೋ ಹೇಳಿದರೆಂದು ಒಂದು ವಾರ ಸೂಪನ್ನು ಒಲೆಯ ಮೇಲೇ ಕಾಯಿಸಿದೆ. ಮೇಲಿನ ಡಬ್ಬಿ ಕೆಳಗೆ, ಕೆಳಗಿನದು ಮೇಲೆ ಮಾಡಿದೆ. ಯಾವ ಡಬ್ಬಿ ಹೋದರೂ ಕೈಸಾಳ ಕೋಣೆಯಲ್ಲಿ ಅದಕ್ಕೆ ಅದೇ ರೋಗ.

“ಬಿಡೇ ಡಾರ್ಲಾ,” ಎನ್ನುತ್ತಿದ್ದ ವೇನ್. “ಐದು ನಿಮಿಷ ಸುಮ್ನೆ ಬಿಟ್ರೆ ತಾನಾಗೇ ಬರತ್ತೆ.”

“ಐದು ನಿಮಿಷದಲ್ಲಿ ಏನೇನಾಗತ್ತೆ ಗೊತ್ತಾ ನಿಂಗೆ?”

“ಗೊತ್ತು. ಕಾಫಿ ಆಗತ್ತೆ.”

ಈ ಗಂಡಸಿನ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ನನ್ನ ತಾಳ್ಮೆ ಅಲ್ಲೇ ಖರ್ಚಾಗಿಹೋಗಿದೆ.

ಡಬ್ಬಿ ಕಂಪನಿಯ ಸಹಾಯವಾಣಿಯಲ್ಲಿ ಡೆಸ್ಮಂಡ್ ಎಂಬ ಹುಡುಗನೊಬ್ಬ ಸಿಗುತ್ತಿದ್ದ. ನಲವತ್ತು ನಿಮಿಷ ಪಿಟೀಲು ಕೇಳಿಸಿದ ಮೇಲೆ ಸಿಗುತ್ತಿದ್ದ. ಪಾಪ, ಒಳ್ಳೆಯವನು, ಆದರೆ ಪ್ರತಿ ಸಲವೂ “ಆರಿಸಿ ಹಚ್ಚಿದ್ರಾ ಮೇಡಂ?” ಎಂದೇ ಶುರು.

“ಆರಿಸಿ ಹಚ್ಚಿ ಆರಿಸಿ ಹಚ್ಚಿ ಬೆರಳು ಸವೆದಿದೆ ಕಣಪ್ಪಾ. ಬೇರೆ ಏನಾದ್ರೂ ಕೇಳು.”

“ಕೆಳಗಿನ ಎರಡು ಡಬ್ಬಿ ನಡುವೆ ಲೋಹದ್ದು ಏನಾದ್ರೂ ಇದೆಯಾ ಮೇಡಂ?”

“ಮನೆ ಬಿಸಿ ಮಾಡೋ ಫರ್ನೇಸ್ ಇದೆ, ಬಿಸಿನೀರಿನ ಟ್ಯಾಂಕ್ ಇದೆ. ಅವೆರಡೂ ಪಕ್ಕಕ್ಕಿವೆ. ನೇರ ನಡುವೆ ಇರೋದು ಸೌನಾ, ಹಬೆಸ್ನಾನದ ಕೋಣೆ.”

“ಅದರ ಗೋಡೆ ಎಂಥದ್ದು?”

“ಮರ. ಸೀಡರ್ ಮರ. ಸೌನಾ ಅಂದ್ಮೇಲೆ ಇನ್ನೇನಿರತ್ತೆ?”

“ಮರ ಆದ್ರೆ ಚಿಂತೆ ಇಲ್ಲ ಮೇಡಂ. ಫೋನ್ ಹಿಡ್ಕೊಂಡು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ನಡ್ಕೊಂಡು ಹೋಗಿ, ಸಿಗ್ನಲ್ ಎಲ್ಲಿ ಬೀಳತ್ತೆ ನೋಡಿ.”

ಸೋಮವಾರ ಬೆಳಿಗ್ಗೆ ನಡೆದು ನೋಡಿದೆ. ಎಲ್ಲಿಯೂ ಬೀಳಲಿಲ್ಲ. ಹಾಗಿದ್ದರೆ ಎರಡು ವಾರ, ಸಂಪರ್ಕ ಹೋದ ಹೊತ್ತು, ಬಂದ ಹೊತ್ತು ಬರೆದಿಡಿ ಎಂದ ಡೆಸ್ಮಂಡ್. ಚರ್ಚಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆ. ಬರೆದದ್ದನ್ನು ಮತ್ತೊಮ್ಮೆ ಓದಿದಾಗ ಪಿತ್ತ ನೆತ್ತಿಗೇರಿತು. ಬುಧವಾರ, ಸಂಜೆ ಐದರಿಂದ ಎಂಟೂಕಾಲು. ಶನಿವಾರ, ನಾಲ್ಕರಿಂದ ಎಂಟೂವರೆ. ಆ ವಾರವೂ ಅಷ್ಟೇ, ಈ ವಾರವೂ ಅಷ್ಟೇ. ಮಿಕ್ಕ ದಿನ ಒಂದು ನಿಮಿಷವೂ ಹೋಗಿಲ್ಲ.

ಬುಧವಾರ, ಶನಿವಾರ ನಮ್ಮ ಮನೆಯಲ್ಲಿ ಸೌನಾ. ವೇನ್ ಸೌದೆ ಒಲೆ ಹಚ್ಚುತ್ತಾನೆ, ಕಲ್ಲು ಕಾಯುತ್ತದೆ, ನಾವು ಫೋನು ಬಟ್ಟೆ ಎಲ್ಲ ಹೊರಗಿಟ್ಟು ಹಬೆಯಲ್ಲಿ ಕೂರುತ್ತೇವೆ. ಬಿಸಿಗೆ ಸೆನ್ಸರಿನ ಅಂಟು ಬಿಡುತ್ತದೆಂದು ಕೈಸಾ ಹೋದ ಶರತ್ಕಾಲದಿಂದ ಸೌನಾಕ್ಕೆ ಬರುವುದು ನಿಲ್ಲಿಸಿದ್ದಳು. ಅಂದರೆ ನಾನು ಅವಳನ್ನು ನೋಡಲಾಗದ ಹೊತ್ತು ವಾರಕ್ಕೆ ಇವೆರಡೇ, ಡಬ್ಬಿ ಸಾಯುವ ಹೊತ್ತೂ ಇವೆರಡೇ. ಇದಕ್ಕೆ ಎಂಜಿನಿಯರ್ ಬೇರೆ ಬೇಕೇ? ಪ್ಲಗ್ ಕೀಳುತ್ತಿರುವವಳು ಇವಳೇ ಎಂದು ತೀರ್ಮಾನಿಸಿದೆ.

ತೀರ್ಮಾನಿಸಿದ ಮೇಲೆ ಎಲ್ಲವೂ ಅದಕ್ಕೆ ತಕ್ಕಂತೆಯೇ ಕಂಡಿತು. ಸೌನಾ ಮುಗಿಸಿ, ಬಟ್ಟೆ ಹಾಕಿಕೊಂಡು ಅವಳ ಕೋಣೆಗೆ ಹೋಗುವಷ್ಟರಲ್ಲಿ ದೀಪ ಬೆಳ್ಳಗಿರುತ್ತಿತ್ತು. ನಡುವೆಯೇ ಎದ್ದು ಟವೆಲು ಸುತ್ತಿಕೊಂಡು, ಫರ್ನೇಸಿನ ಪಕ್ಕದ ಸಂದಿಯಲ್ಲಿ ನುಸುಳಿ ಹೋದರೆ ದೀಪ ಕೆಂಪು, ಪ್ಲಗ್ ಮಾತ್ರ ಜಾಗದಲ್ಲೇ ಇದೆ. ಈ ಡಬ್ಬಿ ಹಚ್ಚಿದ ಮೇಲೆ ಎಚ್ಚರವಾಗಲು ಮೂರು ನಿಮಿಷ ಬೇಕು, ಅಲ್ಲಿಯವರೆಗೆ ಕೆಂಪೇ. ನನ್ನ ಹೆಜ್ಜೆ ಸಪ್ಪಳ ಕೇಳಿ ತುರುಕಿದ್ದಾಳೆ, ಕಳ್ಳಿ!

ಗಡುವಿಗೆ ಮೊದಲಿನ ಬುಧವಾರ ರಾತ್ರಿಯೂಟದ ಹೊತ್ತಿಗೆ ಅವಳ ಫೋನು ಕೈಗೆ ತೆಗೆದುಕೊಂಡು ನೋಡಿದೆ.

“ಆರು ಗಂಟೆಗೆ ಐವತ್ತೆಂಟು! ಐವತ್ತೆಂಟು ಕಣೇ!”

“ಗ್ಲೂಕೋಸ್ ಮಾತ್ರೆ ತಿಂದೆ. ಅರ್ಧ ಗಂಟೇಲಿ ತೊಂಬತ್ತಾಯ್ತು. ಕೆಳಗೆ ನೋಡು.”

“ಈಗ ನೋಡಿ ಏನು ಮಾಡ್ಲಿ? ಆಗ ಯಾಕೆ ಕಾಣ್ಲಿಲ್ಲ ನಂಗೆ? ನೀನು ಪ್ಲಗ್ ಕಿತ್ತಿದ್ದಕ್ಕೆ!”

“ನಾನು ಅದನ್ನ ಮುಟ್ಟೇ ಇಲ್ಲ.”

“ಹೌದಾ? ಮತ್ತೆ ಹೆಗ್ಗಣ ಬಂದು ಕೀಳತ್ತಾ? ಸರಿಯಾಗಿ ಬುಧವಾರ, ಶನಿವಾರ, ನಾವು ಸೌನಾದಲ್ಲಿ ಕೂತಾಗ ಟೈಮ್ ನೋಡ್ಕೊಂಡು ಬರತ್ತಾ?”

“ಅಮ್ಮ, ನಾನ್ಯಾಕೆ ಕೀಳ್ಲಿ? ಸಹಿ ಬೇಕಾಗಿರೋದು ನಂಗೆ ತಾನೆ?”

ಮಾತಿನಲ್ಲಿ ಸೋತಾಗ ನನ್ನ ದನಿ ಇನ್ನೂ ಏರುತ್ತದೆ. “ಸಕ್ಕರೆ ಇಳಿದಾಗ ಏನು ಮಾಡ್ತೀಯ ಅಂತ ನಿಂಗೇ ಜ್ಞಾನ ಇರಲ್ಲ, ನಂಗೆ ಪಾಠ ಹೇಳ್ಬೇಡ! ಸುಳ್ಳಿ!” ಎಂದುಬಿಟ್ಟೆ. ವೇನ್ ಚಮಚ ಕೆಳಗಿಟ್ಟ. ಕೈಸಾ ತಟ್ಟೆ ತೊಳೆದಿಟ್ಟು ಕೆಳಗೆ ಹೋದಳು.

ಶನಿವಾರ ಬಂತು. ಕೈಸಾ ಗೆಳತಿಯ ಮನೆಗೆ ಹೋಗಿದ್ದಳು. ವೇನ್‌ನ ತಮ್ಮ ಡೇಲ್, ಅವನ ಹೆಂಡತಿ ಶೆಲ್ಲಿ ಮೂರು ಗಂಟೆಗೆಲ್ಲ ಸೌನಾಕ್ಕೆ ಬರುವವರಿದ್ದರು. ಹಾಗಾಗಿ ವೇನ್ ಮಧ್ಯಾಹ್ನವೇ ಒಲೆಗೆ ಸೌದೆ ತುಂಬುತ್ತಿದ್ದ. ನಾನು ಹಟಕ್ಕೆ ಬಿದ್ದು ಡೆಸ್ಮಂಡ್ ಹೇಳಿದ ನಡಿಗೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡುತ್ತ ಮಗಳ ಕೋಣೆಯ ಮುಂದೆ ನಿಂತಿದ್ದೆ. ಸಿಗ್ನಲ್ ತುಂಬಾ ಇತ್ತು.

ನಮ್ಮ ಸೌನಾಕ್ಕೆ ಎರಡು ಬಾಗಿಲು. ಒಂದು ಮೆಟ್ಟಿಲ ಕಡೆಗೆ, ಇನ್ನೊಂದು ಈಚೆ, ಮೈತೊಳೆಯುವ ಜಾಗಕ್ಕೂ ಕೈಸಾಳ ಕೋಣೆಗೂ. ಮರ ಒಣಗಲೆಂದು ವಾರವಿಡೀ ಎರಡೂ ಹಾರುಹೊಡೆದಿರುತ್ತವೆ. ಯಾರಾದರೂ ಮುಚ್ಚಿದರೆ ವೇನ್ ಮನೆ ತಲೆಮೇಲೆ ಮಾಡುತ್ತಾನೆ. ಒಲೆ ಹಚ್ಚಿದಾಗ ಮಾತ್ರ ಮುಚ್ಚುವುದು. ಅವನು ಆ ಕಡೆಯದನ್ನು ಎಳೆದುಕೊಂಡು, “ಡಾರ್ಲಾ, ನಿನ್ ಕಡೆ ಬಾಗಿಲು ಹಾಕೇ!” ಎಂದು ಕೂಗಿದ. ಕಾಲಿನಲ್ಲಿ ತಳ್ಳಿದೆ.

ಸಿಗ್ನಲ್ ಹೋಯಿತು. ಕೋಣೆಯೊಳಗೆ ಇಣುಕಿದರೆ ದೀಪ ಕೆಂಪು. ಮಗಳು ಮನೆಯಲ್ಲೇ ಇಲ್ಲ.

ಎರಡೂ ಬಾಗಿಲು ತೆಗೆದೆ. ಒಂದು ನಿಮಿಷದಲ್ಲಿ ದೀಪ ಬಿಳಿ. ಮುಚ್ಚಿದೆ, ಕೆಂಪು. ತೆಗೆದೆ, ಬಿಳಿ. ಸೌದೆ ತರಲು ಹೊರಟಿದ್ದ ವೇನ್ ಮೆಟ್ಟಿಲ ಮೇಲಿಂದ, “ಏನೇ ಅದು, ಬಾಗಿಲಾಟ ಆಡ್ತಿದೀಯಾ? ಬಿಸಿಯೆಲ್ಲಾ ಹೋಯ್ತು!” ಎಂದು ಗೊಣಗಿ ಹೋದ.

ಮರ ಹೇಗೆ ತಡೆಯುತ್ತದೆ? ಕೆಳಗಿನ ಬೆಂಚಿನ ಹಿಂದೆ ಒಂದು ಹಲಗೆ ಸಡಿಲವಾಗಿತ್ತು. ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಒಳಗೆ ಫಳಫಳ ಹೊಳೆಯುವ ಅಲ್ಯೂಮಿನಿಯಂ ಹಾಳೆ. ಡೆಸ್ಮಂಡ್ ಕೇಳಿದ್ದ ಲೋಹ ಇದೇ.

ಅದನ್ನು ಹೊಡೆದದ್ದು ನಾನೇ. ಕೈಸಾ ಹೊಟ್ಟೆಯಲ್ಲಿದ್ದಳು. ಹಬೆ ಗೋಡೆಗಿಳಿಯಬಾರದು, ಬಿಸಿ ಹೊರಗೆ ಹೋಗಬಾರದು ಎಂದು ನಾಲ್ಕು ಗೋಡೆಗೂ, ಮಾಡಿಗೂ, ವೇನ್ ಮಾಡಿದ ದಪ್ಪ ಬಾಗಿಲುಗಳ ಒಡಲಿಗೂ ಹಾಳೆ ಹೊದಿಸಿದ್ದೆವು. ಅವನು ಹಿಡಿದುಕೊಂಡ, ನಾನು ಪಿನ್ನು ಹೊಡೆದೆ. ಅವನ ಕೆಲಸ ಒರಟೆಂದು ಒಂದೊಂದು ಜೋಡಣೆಗೂ ನಾನೇ ಟೇಪು ಅಂಟಿಸಿದ್ದೆ. ಈ ಕಡೆ ನೆಲೆಸಿದ, ನಮ್ಮಂಥ ಫಿನ್‌ಲ್ಯಾಂಡ್ ಮೂಲದವರ ಸೌನಾಗಳಲ್ಲೆಲ್ಲ ಮರದ ಹಿಂದೆ ಈ ಹಾಳೆ ಇರುತ್ತದೆ. ಹಲಗೆ ಹೊಡೆದಾದ ಮೇಲೆ ಯಾರೂ ಅದನ್ನು ನೆನೆಯುವುದಿಲ್ಲ. ಸೌನಾ ಎಂದರೆ ನಮಗೆ ಮರ, ಅಷ್ಟೇ.

ಆಗ ನಾಚಿಕೆಯಾಗಬೇಕಿತ್ತು. ಮಗಳನ್ನು ಸುಳ್ಳಿ ಎಂದಿದ್ದೆನಲ್ಲ. ದೇವರಾಣೆಗೂ ಮೊದಲು ಬಂದದ್ದು ನಾಚಿಕೆಯಲ್ಲ. ಇನ್ನೆರಡು ದಿನ, ಸೋಮವಾರ ಒಂದು ಕಳೆದರೆ ಸಾಕು, ಎಂದುಕೊಂಡೆ. ಆಮೇಲೆ ಈ ಹಾಳೆ ಕಂಡುಹಿಡಿದರಾಯಿತು. ಡಬ್ಬಿಗೆ ಒಂದು ತಂತಿ ಎಳೆಸಿದರಾಯಿತು, ಮಗಳಿಗೆ ಒಂದು ಒಳ್ಳೆಯ ಕೇಕು ಮಾಡಿಕೊಟ್ಟರಾಯಿತು. ಅವಳು ಬೇಸಿಗೆಯಿಡೀ ಮನೆಯಲ್ಲಿರುತ್ತಾಳೆ. ಹಲಗೆಯನ್ನು ಜಾಗಕ್ಕೆ ಕೂರಿಸಿ, ಎರಡು ಮೊಳೆ ಹೊಡೆದೆ.

ಡೇಲ್, ಶೆಲ್ಲಿ ಬಂದರು. ಮೊದಲು ಹೆಂಗಸರ ಸರದಿ. ಮೇಲಿನ ಬೆಂಚಿನಲ್ಲಿ ಕೂತು ಶೆಲ್ಲಿ ಕಲ್ಲಿಗೆ ನೀರೆರಚಿದಳು. “ಕೈಸಾ ಹೋಗ್ತಾಳಂತೇನೇ ಕಾಡಿಗೆ?”

“ನೋಡ್ಬೇಕು.”

“ಕಳಿಸೇ. ಆ ವಯಸ್ಸಲ್ಲಿ ನಿನ್ನನ್ನ ಹಿಡಿದಿಡೋಕೆ ಆಗ್ತಿತ್ತಾ ಯಾರಿಗಾದ್ರೂ?”

ಸೌನಾದೊಳಗೆ ನಮ್ಮಲ್ಲಿ ಯಾರೂ ದನಿ ಎತ್ತುವುದಿಲ್ಲ. ಇಲ್ಲದಿದ್ದರೆ ಅವಳಿಗೂ ನಾಲ್ಕು ಬೀಳುತ್ತಿತ್ತು. ಬೆನ್ನಿಗೆ ಗೋಡೆ ತಾಕಿದಾಗಲೆಲ್ಲ ಮೈ ಮುಂದಕ್ಕೆ ಸರಿಯುತ್ತಿತ್ತು. ಬೇಗ ಎದ್ದು ಬಂದೆ. ಎಲ್ಲರೂ ಸಾಸೇಜು, ಏಲಕ್ಕಿ ಬ್ರೆಡ್ಡು, ಕಾಫಿ ಮುಗಿಸಿದರು. ಅವರು ಹೊರಟಾಗ ಐದೂವರೆ.

ಅವರ ಕಾರು ಹೋದ ಹಿಂದೆಯೇ ಕೈಸಾ ಬಂದಳು. ಕೋಟು ತೆಗೆಯದೆ ಅಡುಗೆಮನೆಯ ಮೇಜಿಗೆ ಕೂತು, ಜೇಬಿನಿಂದ ಆ ಕಾಗದ ತೆಗೆದು ಮುಂದಿಟ್ಟಳು.

“ಅಮ್ಮ, ನಾನು ಬರಲ್ಲ ಅಂತ ಅವ್ರಿಗೆ ಬರೆದುಬಿಡ್ತೀನಿ.”

ಇದೇ ತಾನೆ ನನಗೆ ಬೇಕಾಗಿದ್ದದ್ದು? “ಯಾಕೆ?” ಎಂದೆ.

“ನೀನು ಹೇಳಿದ್ದು ನಿಜಾನೇ ಇರ್ಬಹುದು. ಬುಧವಾರ ಐವತ್ತೆಂಟಾಯ್ತಲ್ಲ, ಆಗ ಮಾತ್ರೆ ತಿಂದಿದೀನಿ. ಆದ್ರೆ ಸೀಸೆ ಮುಚ್ಚಳ ತೆಗೆದಿದ್ದು ನೆನಪಿಲ್ಲ. ಮೂರು ದಿನದಿಂದ ನೆನಪು ಮಾಡ್ಕೋತಾ ಇದೀನಿ, ಬರ್ತಾನೇ ಇಲ್ಲ. ಪ್ಲಗ್ ಕೂಡ ನಾನೇ ಕೀಳ್ತಿರ್ಬೇಕು, ನಂಗೇ ಗೊತ್ತಾಗ್ದೆ. ಪ್ರತಿ ಸಲ. ಹಾಗಿದ್ರೆ ಕಾಡಲ್ಲಿ ಗರಗಸ ಹಿಡ್ಕೊಂಡು ಯಾರಿಗಾದ್ರೂ ಏನಾದ್ರೂ ಮಾಡಿದ್ರೆ?”

ಅಳುತ್ತಿರಲಿಲ್ಲ. ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು, ಅವು ಯಾರವೋ ಎಂಬಂತೆ ನೋಡುತ್ತಿದ್ದಳು.

“ಏಳು. ಕೆಳಗೆ ಬಾ.”

“ಯಾಕಮ್ಮ?”

“ಬಾ ಅಂದ್ರೆ ಬಾ.” ಅವಳು ಕಾಗದ ಹಿಡಿದುಕೊಂಡು ಹಿಂದೆಯೇ ಬಂದಳು.

ಸೌನಾ ಇನ್ನೂ ಬಿಸಿಯಿತ್ತು. ವೇನ್ ಆಗಲೇ ಬಾಗಿಲು ತೆಗೆದಿಟ್ಟಿದ್ದ. ಮಧ್ಯಾಹ್ನ ಹೊಡೆದ ಮೊಳೆಗಳನ್ನು ಕಿತ್ತು ಹಲಗೆ ಸರಿಸಿ ತೋರಿಸಿದೆ. ಅವಳನ್ನು ಕೋಣೆಯಲ್ಲಿ ನಿಲ್ಲಿಸಿ ಬಾಗಿಲು ಮುಚ್ಚಿದೆ, ತೆಗೆದೆ. ನನಗೆ ಏಳು ವಾರ ಹಿಡಿದದ್ದು ಅವಳಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಬಂದು, ಹಾಳೆಯನ್ನು ಮುಟ್ಟಿ ನೋಡಿದಳು. ಆಮೇಲೆ ನೆಲದ ಮೇಲಿದ್ದ ಮೊಳೆಗಳನ್ನು ನೋಡಿದಳು. ಹೊಸ ಮೊಳೆಗಳು.

“ಯಾವಾಗ ಗೊತ್ತಾಯ್ತು ನಿಂಗೆ?”

“ಮಧ್ಯಾಹ್ನ. ಒಂದೂವರೆಗೆ.”

“ಈಗ ಆರು.”

“ಹೂಂ.”

“ಸೋಮವಾರದ ತನಕ ಬಾಯಿ ಬಿಡ್ತಿರ್ಲಿಲ್ಲ, ಅಲ್ವಾ?”

“ಇಲ್ಲ.”

“ನನ್ನ ತಲೆ ಸರಿಯಿಲ್ಲ ಅಂತ ನಂಬ್ಕೊಂಡಿದ್ನಲ್ಲಮ್ಮಾ!” ಎಂದು ಕಿರುಚಿದಳು. “ನನ್ನ ಕೈ ನನ್ನ ಮಾತು ಕೇಳ್ತಿಲ್ಲ ಅಂತ! ಮೂರು ದಿನ!”

ಮೇಲಿಂದ ವೇನ್, “ಏನ್ರೇ ಅದು ಗಲಾಟೆ?” ಎಂದ.

“ಅಪ್ಪಾ, ನೀನು ಸುಮ್ನಿರು!”

ಅವಳ ಕೈಯಲ್ಲಿದ್ದ ಕಾಗದ ತೆಗೆದುಕೊಂಡೆ. ಅವಳ ಮೇಜಿನ ಮೇಲಿದ್ದ ಪೆನ್ನು ತಂದು, ಬೆಂಚಿನ ಮೇಲೆ ಕಾಗದ ಹರವಿ ಸಹಿ ಹಾಕಿದೆ. ಹಲಗೆಯ ಸಂದಿಯಲ್ಲಿ ಪೆನ್ನು ಸಿಕ್ಕಿ ನನ್ನ ಹೆಸರಿನ ನಡುವೆ ತೂತಾಯಿತು.

“ಹದಿನೈದು ದಿನ ಆಗ್ಲೇ ಇಲ್ವಲ್ಲ,” ಎಂದಳು.

“ಆಗ್ಲಿಲ್ಲ.”

“ಕಾಡಲ್ಲಿ ವೈಫೈ ಇಲ್ಲ ಅಂತ ಮೊದ್ಲೇ ಗೊತ್ತಿತ್ತು ನಿಂಗೆ. ಆರು ವಾರವೂ ನಿನ್ನ ಫೋನಲ್ಲಿ ಎರಡು ಗೆರೇನೇ ಇರತ್ತೆ. ಮತ್ತೆ ಈ ಪರೀಕ್ಷೆ ಯಾತಕ್ಕಿಟ್ಟೆ?”

ಶಿಸ್ತು, ಜವಾಬ್ದಾರಿ ಎಂದೆಲ್ಲ ಹೇಳಲು ಬಾಯಿಗೆ ಬಂತು. ಆ ಬಿಸಿಯಲ್ಲಿ ನಿಂತು ಹೇಳಲಾಗಲಿಲ್ಲ.

“ನೀನು ಪಾಸಾಗಲ್ಲ ಅಂತ.”

ಅವಳು ಕಾಗದ ಮಡಿಸಿದಳು. ಥ್ಯಾಂಕ್ಸ್ ಎನ್ನಲಿಲ್ಲ, ನಾನೂ ಕಾಯಲಿಲ್ಲ. ಕೋಣೆಯ ಕಡೆಗೆ ಹೋದವಳು ತಿರುಗಿ ನಿಂತು, “ಅಮ್ಮ, ಮೇಲೆ ಹೋಗ್ತಾ ಸೌನಾದ ಎರಡೂ ಬಾಗಿಲು ಹಾಕ್ಕೊಂಡು ಹೋಗು,” ಎಂದಳು.

ಅವಳ ಕಡೆಯದನ್ನು ಮೊದಲು ಹಾಕಿದೆ. ಬೆಂಚು ದಾಟಿ ಈಚೆ ಬಂದು ಇನ್ನೊಂದನ್ನು ಹಾಕಿದೆ. ಫೋನಿನಲ್ಲಿ ನೂರಾನಾಲ್ಕು ಇತ್ತು. ಅಡುಗೆಮನೆಗೆ ಬಂದು ಕೂತ ಮೇಲೆ ನೋಡಿದರೆ ಎರಡು ಗೆರೆ. ವೇನ್ ಕಾಫಿ ತಂದಿಟ್ಟ. ಮೂರು ಸಲ ಏಳಲು ಹೋದೆ, ಮೂರು ಸಲವೂ ಕೂತೆ.